ಸಮ್ರಾಳ ಹಾಲು

ಆನ್ ಮರಿಯಾಳಿಗೆ ಹಾಲು ಕುಡಿಸಬೇಕಾದರೆ ಕುಂಞಿಯ ವಿಡಿಯೋ ಹಾಕಲೇಬೇಕು. ದುಬೈಯ ಅಲ್ ನಹ್ದಾದ ಆ ಪುಟ್ಟ ಫ್ಲ್ಯಾಟಿನಲ್ಲಿ ಅದೊಂದು ಕಾನೂನು. ಜೆಸ್ಸಿ ಪಾಯ್ಸ್ ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಮಗಳ ಎದುರು ನೆಲದ ಮೇಲೆ ಕೂರುತ್ತಾಳೆ. ಫೋನಿನಲ್ಲಿ ಕಡ್ಡಿಕಾಲಿನ ಒಂಟೆಮರಿಯೊಂದು ತಾಯಿಯ ಹೊಟ್ಟೆಯಡಿ ತಲೆ ತೂರಿಸಿ, ಕೆಚ್ಚಲನ್ನು ಗುದ್ದಿ ಗುದ್ದಿ ಹಾಲು ಎಳೆಯುತ್ತದೆ. ಅದು ಎಳೆದ ಹಾಗೆ ಮಗಳೂ ಒಂದೊಂದೇ ಗುಟುಕು.

"ಕುಂಞಿ ಫಸ್ಟ್, ದೆನ್ ಮೀ, ಓಕೆ ಮಮ್ಮಾ?"

"ಆಯ್ತು ಬಾಬಾ, ಕುಂಞಿಯೇ ಫಸ್ಟ್. ಬಾಯಿ ತೆಗೆ."

ಮಗುವಿಗೆ ದನದ ಹಾಲು ಆಗಿಬರುವುದಿಲ್ಲ. ಮೊದಲ ಸಲ ಕೊಟ್ಟಾಗ ತುಟಿ ಊದಿ, ಮೈಯೆಲ್ಲ ಕೆಂಪು ದದ್ದು ಎದ್ದು, ಉಸಿರು ಸೀಟಿ ಹೊಡೆಯತೊಡಗಿತ್ತು. ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅದರ ಎದೆ ಏರಿಳಿಯುವುದನ್ನೇ ನೋಡುತ್ತಾ ನಿಂತ ಆ ಹೊತ್ತು ಜೆಸ್ಸಿಯ ಮೈಯಿಂದ ಇನ್ನೂ ಇಳಿದಿಲ್ಲ. ಬಿಸ್ಕತ್ತಿನ ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದದೆ ಅವಳು ಏನನ್ನೂ ಕೊಳ್ಳಳು. ಚರ್ಚಿನ ಅಂಗಳದಲ್ಲಿ ಯಾರಾದರೂ ಮಗುವಿನ ಕೈಗೆ ಚಾಕಲೇಟು ಕೊಟ್ಟರೆ ಎಲ್ಲರೆದುರೇ ಮುಷ್ಟಿ ಬಿಡಿಸಿ ಕಿತ್ತುಕೊಳ್ಳುತ್ತಾಳೆ. "ನಿನ್ನ ಹೆದರಿಕೆಗೇ ಅವಳಿಗೆ ದದ್ದು ಏಳ್ತದೆ ಗೋ" ಎಂದು ಗಂಡ ಕ್ಲಾರೆನ್ಸ್ ತಮಾಷೆ ಮಾಡುತ್ತಾನೆ. ಅವನಿಗೇನು, ಅಬುಧಾಬಿಯ ಹೋಟೆಲೊಂದರ ಫ್ರಂಟ್ ಆಫೀಸಿನಲ್ಲಿ ಕೆಲಸ, ಆಫ್ ಸಿಕ್ಕಿದ ದಿನ ಮಾತ್ರ ಮನೆ. ಉಳಿದ ದಿನಗಳ ಹೆದರಿಕೆಯನ್ನೆಲ್ಲ ಜೆಸ್ಸಿ ಒಬ್ಬಳೇ ಹೆದರಬೇಕು.

ಒಂಟೆಯ ಹಾಲು ಕೊಟ್ಟು ನೋಡಬಹುದು ಎಂದವರು ಡಾಕ್ಟರು. ಕ್ಲಿನಿಕ್ಕಿನಲ್ಲೇ ಕೂರಿಸಿ ಚಮಚ ಚಮಚವಾಗಿ ಕೊಟ್ಟರು. ಏನೂ ಆಗಲಿಲ್ಲ. ಆ ಹಾಲನ್ನು ತಪ್ಪದೆ ತಂದುಕೊಡತೊಡಗಿದವರು ಮುಝಮ್ಮಿಲ್ ಕಾಕ.

ಕಾಕ ಉಳ್ಳಾಲದ ಬ್ಯಾರಿ ಮನೆಯವರು. ಮೀಸೆ ಮೂಡುವ ಮೊದಲೇ ದುಬೈಗೆ ಬಂದು ನೈಫಿನ ಅತ್ತರಿನ ಅಂಗಡಿಯೊಂದರಲ್ಲಿ ಅರ್ಧ ಆಯುಸ್ಸು ಕಳೆದವರು. ಅಂಗಡಿ ಮುಚ್ಚಿದ ಮೇಲೆ ಅಲ್ ಐನ್ ರಸ್ತೆಯ ಆಚೆ ಮರಳಿನ ನಡುವೆ ಇರುವ ಒಂಟೆ ಫಾರ್ಮಿಗೆ ಡ್ರೈವರಾಗಿ ಸೇರಿದರು, ಬರಬರುತ್ತಾ ಒಂಟೆಗಳನ್ನು ನೋಡಿಕೊಳ್ಳುವವರೇ ಆದರು. ಒಂಟೆಗಳ ರಕ್ತದ ಸ್ಯಾಂಪಲ್ಲುಗಳನ್ನು ಐಸ್ ಡಬ್ಬಿಯಲ್ಲಿಟ್ಟು ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಲ್ಯಾಬಿಗೆ ತರುವ ಕೆಲಸವೂ ಅವರದೇ. ಜೆಸ್ಸಿ ಇರುವುದು ಆ ಲ್ಯಾಬಿನಲ್ಲಿ. ರಿಸೆಪ್ಶನ್ನಿನಲ್ಲಿ ಅವಳು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದು ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತ್ತು. "ಎಂತ ಬಾಯಮ್ಮ, ನಮ್ಮ ಊರಿನವರಾ ನೀವು! ಮೊದ್ಲೇ ಹೇಳ್ಬಾರ್ದಾ ಮಾರಾಯ್ರೆ, ಇಷ್ಟು ದಿನ ನಾನು ನಿಮ್ಮ ಹತ್ರ ಇಂಗ್ಲಿಷ್ ಮಾತಾಡಿ ಹಲ್ಲು ನೋವು ಮಾಡ್ಕೊಂಡೆ."

ಮಗುವಿನ ಸಂಗತಿ ಗೊತ್ತಾದ ಮೇಲೆ ಸ್ಯಾಂಪಲ್ಲಿನ ಡಬ್ಬಿಯ ಜೊತೆ ಒಂದು ಬಾಟಲಿ ಹಾಲೂ ಬರತೊಡಗಿತು. ಅದು ಸಮ್ರಾ ಎಂಬ ಕಂದು ಒಂಟೆಯದು. ಸಮ್ರಾಳ ಹೆಣ್ಣುಮರಿಗೆ ಕಾಕ ಬ್ಯಾರಿ ಮಾತಿನಲ್ಲಿ ಕುಂಞಿ, ಅಂದರೆ ಪುಟ್ಟಿ, ಎಂದು ಹೆಸರಿಟ್ಟಿದ್ದರು. ಒಂಟೆ ತನ್ನ ಮರಿ ಪಕ್ಕದಲ್ಲಿ ಇಲ್ಲದಿದ್ದರೆ ಹಾಲು ಸೊರೆಬಿಡುವುದಿಲ್ಲ, ಅಂದರೆ ಕೆಚ್ಚಲಿಗೆ ಇಳಿಸುವುದಿಲ್ಲ. ಮರಿಗೆ ಮೊದಲು ಕುಡಿಯಲು ಬಿಟ್ಟು, ಸೊರೆಬಿಟ್ಟ ಮೇಲೆ ಪಕ್ಕಕ್ಕೆ ಸರಿಸಿ ಕರೆಯಬೇಕು. "ಕುಂಞಿಯ ಪಾಲಿನಲ್ಲಿ ನಿಮ್ಮ ಮಗಳಿಗೆ ಅರ್ಧ" ಎನ್ನುತ್ತಾ ಕಾಕ ಆ ವಿಡಿಯೋ ಕಳಿಸಿದ್ದರು. ಜೆಸ್ಸಿ ಹಾಲನ್ನು ಕುದಿಸಿ, ಸಾಲದೆಂದು ಮತ್ತೊಮ್ಮೆ ಕುದಿಸಿ, ಆರಿಸಿ, ಅಷ್ಟಾದರೂ ಕೊಡುವಾಗ ಒಳಗೊಳಗೇ ಪ್ರಾರ್ಥಿಸುತ್ತಾಳೆ.

ಲ್ಯಾಬಿನಲ್ಲಿ ಅವಳ ಕೆಲಸ ಏನೆಂದು ಅತ್ತೆಗೆ ಎಷ್ಟು ಸಲ ಹೇಳಿದರೂ ತಿಳಿದಿಲ್ಲ. ಪ್ರಾಣಿಯ ಮೈಯ ಕಣಕಣದಲ್ಲೂ ಇರುವ ಡಿಎನ್‌ಎ ಎಂಬ ಬರಹವನ್ನು ಯಂತ್ರ ಒಂದೇ ಉಸಿರಿಗೆ ಓದಲಾರದು. ಚೂರು ಚೂರಾಗಿ ಓದುತ್ತದೆ. ಕೋಟಿಗಟ್ಟಲೆ ಚೂರುಗಳನ್ನು, ತುದಿಗೆ ತುದಿ ಹೊಂದುವುದನ್ನು ನೋಡಿ, ಕಂಪ್ಯೂಟರು ಸಾಲಾಗಿ ಅಂಟಿಸುತ್ತದೆ. ಹಾಗೆ ಅಂಟಿಸಿದ ಮೊದಲ ಪ್ರತಿಗೆ ಡ್ರಾಫ್ಟ್ ಜೀನೋಮ್ ಎಂದು ಹೆಸರು. ಅದರಲ್ಲಿ ತೂತುಗಳಿರುತ್ತವೆ, ಮಡಿಕೆ ಬಿದ್ದ ಜಾಗಗಳಿರುತ್ತವೆ. ಆಮೇಲೆ ಇನ್ನೊಂದು ಪ್ರೋಗ್ರಾಮು ಅದರ ಮೇಲೆ ಓಡಾಡಿ, ಇಲ್ಲೊಂದು ಜೀನ್ ಇದೆ, ಇದು ಮನುಷ್ಯರ ಇಂಥದ್ದೊಂದು ಜೀನನ್ನು ಹೋಲುತ್ತದೆ, ಹಾಗಾಗಿ ಇದರ ಕೆಲಸವೂ ಅದೇ ಎಂದು ತಾನಾಗಿಯೇ ಹೆಸರು ಬರೆಯುತ್ತಾ ಹೋಗುತ್ತದೆ. ಮುಖ್ಯವಾದ ಕೆಲವನ್ನು ಮನುಷ್ಯರು ಕಣ್ಣಾರೆ ನೋಡಿ ಸರಿ ಅನ್ನಬೇಕು. ಹಾಗೆ ನೋಡುವವಳು ಜೆಸ್ಸಿ. ಅವಳು ಒಂದು ಗುಂಡಿ ಒತ್ತಿದರೆ ಆ ಹೆಸರಿನ ಪಕ್ಕ ಹಸಿರು ಗುರುತು ಬೀಳುತ್ತದೆ. ಹಸಿರು ಬಿದ್ದ ಮೇಲೆ ಅದು ಯಂತ್ರದ ಊಹೆಯಾಗಿ ಉಳಿಯುವುದಿಲ್ಲ.

ಒಂಟೆಯ ಕಣ್ಣಿಗೆ ಸಂಬಂಧಿಸಿದ ಒಂದು ಜೀನು ಹಾಗೆ ಅವಳ ಮುಂದೆ ಬಂದದ್ದು ಆನ್ ಮರಿಯಾಳ ಬೆನ್ನ ಮೇಲೆ ಎಂಥದೋ ದದ್ದು ಎದ್ದಿದ್ದ ದಿನ. ಹಾಲಿನದೋ, ಸೋಪಿನದೋ, ಬೆವರುಸಾಲೆಯೋ ಗೊತ್ತಿಲ್ಲ. ನರ್ಸರಿಗೆ ಬಿಟ್ಟು ಬಂದಿದ್ದಳು, ಎದೆಯನ್ನು ಅಲ್ಲಿಯೇ ಬಿಟ್ಟಿದ್ದಳು. ಪರದೆಯ ಮೇಲೆ ಆ ಜೀನು ಅಚ್ಚುಕಟ್ಟಾಗಿ ಕಾಣುತ್ತಿತ್ತು. ಸುತ್ತಲಿನ ಜಾಗಗಳಿಗಿಂತ ಅಲ್ಲಿ ಚೂರುಗಳು ದಟ್ಟವಾಗಿ, ಇಮ್ಮಡಿಯೇ ಅನ್ನುವಷ್ಟು ರಾಶಿ ಬಿದ್ದಿದ್ದವು. ಸಾಕ್ಷಿ ಧಾರಾಳವಾಗಿದೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಗುಂಡಿ ಒತ್ತಿದಳು. ನರ್ಸರಿಗೆ ಫೋನು ಹಚ್ಚಿದಳು.

ಆ ಹಸಿರು ಗುರುತಿನ ಮೇಲೆ ಲ್ಯಾಬು ಒಂದು ಪರೀಕ್ಷೆ ಕಟ್ಟಿತು. ತಂದೆಯಿಂದೊಂದು ತಾಯಿಯಿಂದೊಂದು ಬರುವ ಆ ಜೀನಿನ ಪ್ರತಿಗಳಲ್ಲಿ ಒಂದು ಸರಿಯಿದ್ದು ಇನ್ನೊಂದು ಮುರಿದಿದ್ದರೆ ಒಂಟೆ ಕ್ಯಾರಿಯರ್, ಅಂದರೆ ದೋಷವನ್ನು ಹೊತ್ತಿರುವಂಥದ್ದು. ಅದಕ್ಕೆ ತೊಂದರೆಯಿಲ್ಲ, ಆದರೆ ಅಂಥ ಎರಡು ಕೂಡಿದರೆ ಹುಟ್ಟುವ ಮರಿ ಕುರುಡಾಗಬಹುದು. ಕಾಕನ ಫಾರ್ಮಿನ ಯಜಮಾನರು, ಕಾಕನ ಬಾಯಲ್ಲಿ 'ಅರ್ಬಾಬ್', ಮೊದಲ ಗಿರಾಕಿ. ಹಾಲು ಕೊಡುವ ದೊಡ್ಡ ಒಂಟೆಗಳು ಹೇಗೂ ಇರಲಿ, ಮುಂದಿನ ಸಂತಾನ ಶುದ್ಧವಾಗಬೇಕು ಎಂದು ಅವರ ಹಟ. ಕ್ಯಾರಿಯರ್ ಆದ ಮರಿಗಳನ್ನು ಇಟ್ಟುಕೊಳ್ಳುವುದಿಲ್ಲ ಎಂದರು. ಇಟ್ಟುಕೊಳ್ಳದ ಮರಿಗಳು ಹೋಗುವುದು ಮಾಂಸದ ಮಾರುಕಟ್ಟೆಗೆ.

ಸೋಮವಾರ ಕಾಕ ಫೋನು ಮಾಡಿದರು.

"ಬಾಯಮ್ಮ, ಕುಂಞಿಯದ್ದು ರಿಪೋರ್ಟ್ ಬಂತು. ಕ್ಯಾರಿಯರಂತೆ."

"ಹೌದಾ ಕಾಕ... ಛೆ."

"ಅದು ಸತ್ಯವೇ ಅಲ್ವಾ? ಅಲ್ಲ, ನಾನು ನಿಮ್ಮ ಕೆಲ್ಸಕ್ಕೆ ಮೂಗು ತೂರಿಸ್ತೇನೆ ಅಂತ ತಿಳ್ಕೋಬೇಡಿ. ಇಲ್ಲಿ ಟೆಸ್ಟ್ ಮಾಡಿದ್ದೆಲ್ಲ ಕ್ಯಾರಿಯರೇ. ಒಂದನ್ನೂ ಬಿಟ್ಟಿಲ್ಲ."

"ಎಲ್ಲ ಒಂದೇ ಗಂಡೊಂಟೆಯ ಸಂತಾನ ಅಲ್ವಾ ಕಾಕ, ಒಂದೇ ರಕ್ತ. ಹಾಗೆ ಆಗ್ತದೆ." ಇದು ಅವಳ ಮ್ಯಾನೇಜರು ನಿರಂಜನ ಹೇಳಿದ್ದ ಮಾತು.

"ಒಮಾನಿಂದ ಹೋದ ವರ್ಷ ಲಾರಿಯಲ್ಲಿ ಬಂದದ್ದು ಉಂಟಲ್ಲ, ಅದೂ ಕ್ಯಾರಿಯರ್. ಅದಕ್ಕೆಂತ ರಕ್ತ, ಡೀಸೆಲ್‌ನಿಂದ ಅಂಟಿದ್ದಾ?" ಕಾಕ ತಾವೇ ನಕ್ಕರು, ನಗು ಮಧ್ಯದಲ್ಲೇ ನಿಂತಿತು. "ಈ ವಾರದಲ್ಲಿ ಮರಿಗಳನ್ನು ಕಳಿಸ್ತಾರಂತೆ. ಒಮ್ಮೆ ನೋಡ್ತೀರಾ? ನೀವು ಸರಿ ಅಂದ್ರೆ ಖಲಾಸ್, ನಾನು ಮತ್ತೆ ಕೇಳುದಿಲ್ಲ."

ಅವಳು ನಿರಂಜನನ ಮೇಜಿನ ಬಳಿ ಹೋಗಿ ನಿಂತಳು. ಮೈಸೂರಿನವನು, ಸಂಭಾವಿತ. ಅವನಿಗೂ ಮೇಲಿನವರ ಒತ್ತಡ.

"ನೋಡಿ ಜೆಸ್ಸಿ, ಸುಮ್ನೆ ತಲೆ ಕೆಡಿಸ್ಕೋಬೇಡಿ. ಯಾರಿಗಾದ್ರೂ ಬೇಡದ ರಿಸಲ್ಟ್ ಬಂದ್ರೆ ಟೆಸ್ಟೇ ಸರಿ ಇಲ್ಲ ಅಂತಾರೆ. ಆ ಜೀನ್ ನೀವೇ ಅಪ್ರೂವ್ ಮಾಡಿರೋದಲ್ವಾ?"

"ಹೌದು."

"ಮತ್ತಿನ್ನೇನು?"

ಅವಳು ಹಿಂದೆ ಬಂದು ಆ ಪುಟ ತೆರೆದಳು. ಹೆಸರು ಇತ್ತು, ಪಕ್ಕದಲ್ಲಿ ಹಸಿರು ಇತ್ತು. ತಾನೇ ಹಾಕಿದ ಗುರುತನ್ನು ಬೇರೆ ಯಾರೋ ತಿಳಿದವರು ಹಾಕಿದ್ದೇನೋ ಎಂಬಂತೆ ನೋಡಿ ಸಮಾಧಾನ ಪಟ್ಟುಕೊಂಡಳು. 'ಸರಿಯೇ ಇದೆ ಕಾಕ. ತುಂಬಾ ಬೇಜಾರಾಯಿತು' ಎಂದು ಸಂದೇಶ ಕಳಿಸಿದಳು. ಕಾಕ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದರು.

ಬುಧವಾರ ಊಟದ ಹೊತ್ತಿಗೆ ನರ್ಸರಿಯ ಆ್ಯಪಿನಲ್ಲಿ ಒಂದು ಫೋಟೋ ಬಂತು. ಆನ್ ಮರಿಯಾಳ ಕೈಯಲ್ಲಿ ಬಿಳಿ ಲೋಟ, ಮೇಲ್ದುಟಿಯ ಮೇಲೆ ಹಾಲಿನ ಮೀಸೆ.

ಜೆಸ್ಸಿ ಕುರ್ಚಿ ಬಿಟ್ಟು ಎದ್ದಳು. ನರ್ಸರಿಗೆ ಫೋನು ಮಾಡಿದಳು, ಎತ್ತಲಿಲ್ಲ. ಮತ್ತೆ ಮಾಡಿದಳು. ಯಾರಿಗೂ ಹೇಳದೆ ಚೀಲ ಹೆಗಲಿಗೇರಿಸಿ ಓಡಿ ಟ್ಯಾಕ್ಸಿ ಹಿಡಿದಳು. ದಾರಿಯುದ್ದಕ್ಕೂ "ಯಲ್ಲಾ ಭಾಯ್, ಯಲ್ಲಾ" ಎಂದು ಚಾಲಕನ ತಲೆ ತಿಂದಳು. ಕೊನೆಗೂ ಟೀಚರ್ ಫೋನು ಎತ್ತಿ, ಆನ್ ಮರಿಯಾ ಮಲಗಿದ್ದಾಳೆ, ಹಾಲು ಯಾರೂ ಕೊಟ್ಟಿಲ್ಲ, ದೇವರಾಣೆ ಕೊಟ್ಟಿಲ್ಲ ಎಂದರು. ಹಾಗಾದರೆ ಈ ಫೋಟೋ? ಜೆಸ್ಸಿ ಫೋಟೋ ಹಿಗ್ಗಿಸಿ ನೋಡಿದಳು. ಅದೇ ಯೂನಿಫಾರ್ಮು, ಅದೇ ಎರಡು ಜುಟ್ಟು, ಅದೇ ದುಂಡು ಕೆನ್ನೆ. ಆದರೆ ಹುಬ್ಬಿನ ಮೇಲೆ ಗಾಯದ ಗುರುತಿಲ್ಲ. ಕಳೆದ ವರ್ಷ ತೊಟ್ಟಿಲಿನ ಅಂಚು ಬಡಿದು ಆದ ಗಾಯ ಅದು. ಆ ಗಾಯ ಇಲ್ಲದ ಮಗು ತನ್ನದಲ್ಲ.

"ಅಯ್ಯೋ, ಅದು ಕ್ರಿಸ್ಟಿನಾ!" ನರ್ಸರಿಯ ಬಾಗಿಲಲ್ಲಿ ಟೀಚರ್ ನಕ್ಕರು. ಅವರು ಕುಂದಾಪುರದ ಕಡೆಯವರು. "ಮುಖ ನೋಡಿ ಆ್ಯಪೇ ಫೋಟೋ ಹಂಚೂದು ಅಲ್ದಾ, ಅದಕ್ಕೆ ಇವ್ರಿಬ್ರೂ ಒಂದೇ ಕಾಣತ್ತಂಬ್ರು. ಹಂಗಾರೆ ಇಷ್ಟ್ ದಿನ ಎರಡು ಮಕ್ಕಳದ್ದೂ ನಿಮಗೇ ಬಂದಿತ್ತು. ಅದಕ್ಕೇ ಬೇರೆ ಅಮ್ಮಂದಿರ್ ಜಗಳ ಮಾಡೂದು, ಆನ್ ಮರಿಯಾಳ ಫೋಟೋ ಮಾತ್ರ ಡಬಲ್ ಯಾಕೆ ಅಂದೇಳಿ!"

ಜೆಸ್ಸಿಯೂ ಅಷ್ಟು ದಿನ ಹಿಗ್ಗಿದ್ದಳು, ತನ್ನ ಮಗಳನ್ನೇ ಹೆಚ್ಚು ಗಮನಿಸುತ್ತಾರೆಂದು. ನಿದ್ದೆಗಣ್ಣಿನ ಮಗಳನ್ನು ಹೆಗಲಿಗೆ ಹಾಕಿಕೊಂಡು ಮನೆಗೆ ನಡೆಯುತ್ತಾ ಹಳೆಯ ಫೋಟೋಗಳನ್ನು ಹಿಂದೆ ಹಿಂದೆ ಸರಿಸಿದಳು. ಒಂದರಲ್ಲಿ ಹುಬ್ಬಿನ ಮೇಲೆ ಗಾಯವಿರುವ, ಹಾಲು ಆಗದ ಮಗು; ಇನ್ನೊಂದರಲ್ಲಿ ಗಾಯವಿಲ್ಲದ, ಹಾಲು ಆಗುವ ಮಗು. ಹೊರಗಿನವರು ಯಾರಾದರೂ ನೋಡಿದ್ದರೆ ಈ ಮಗುವಿಗೆ ಹಾಲು ಅರ್ಧ ಆಗುತ್ತದೆ, ಅರ್ಧ ಆಗುವುದಿಲ್ಲ ಎಂದೇ ಬರೆದಿಡುತ್ತಿದ್ದರು.

ಅರ್ಧ ಸರಿ, ಅರ್ಧ ಮುರಿದದ್ದು. ಇಮ್ಮಡಿ ಫೋಟೋ. ಇಮ್ಮಡಿ ಚೂರು.

ಅವಳು ರಸ್ತೆಯ ಮಧ್ಯೆ ನಿಂತುಬಿಟ್ಟಳು. ಹಿಂದಿನ ಕಾರು ಹಾರ್ನ್ ಹೊಡೆಯಿತು.

ಒಂದು ಜೀನು ಅಲ್ಲ, ಎರಡು. ಅಕ್ಕತಂಗಿಯರಂತೆ ಒಂದೇ ಹೋಲಿಕೆಯವು. ಒಂದು ಕೆಲಸ ಮಾಡುವಂಥದ್ದು, ಇನ್ನೊಂದು ಎಂದೋ ಕೆಟ್ಟು ಸುಮ್ಮನೆ ಬಿದ್ದುಕೊಂಡಿರುವಂಥದ್ದು, ಎಲ್ಲ ಒಂಟೆಗಳಲ್ಲೂ ಹಾಗೆಯೇ ಇರುವಂಥದ್ದು. ಡ್ರಾಫ್ಟು ಅಂಟಿಸುವಾಗ ಕಂಪ್ಯೂಟರಿಗೆ ವ್ಯತ್ಯಾಸ ತಿಳಿಯದೆ ಎರಡನ್ನೂ ಒಂದರ ಮೇಲೊಂದು ಮಡಿಸಿಬಿಟ್ಟಿತ್ತು. ಹಾಗಾದರೆ ಜಗತ್ತಿನ ಯಾವ ಒಂಟೆಯ ರಕ್ತ ತಂದರೂ ಒಂದು ಸರಿ ಒಂದು ಮುರಿದದ್ದು ಎಂದೇ ಬರಬೇಕು, ಒಮಾನಿನಿಂದ ಲಾರಿಯಲ್ಲಿ ಬಂದದ್ದರದೂ.

ಆಗಲೇ ಕಾಕನಿಗೆ ಫೋನು ಮಾಡಬಹುದಿತ್ತು. ಹೆಬ್ಬೆರಳು ಅವರ ಹೆಸರಿನ ಮೇಲೆ ಹೋಗಿಯೂ ಇತ್ತು. ಆದರೆ ಖಚಿತವಾಗದೆ ಹೇಗೆ ಹೇಳುವುದು? ಬರೀ ಊಹೆಯಾಗಿದ್ದರೆ? ಅವರಿಗೆ ಆಸೆ ಹುಟ್ಟಿಸಿ, ಲ್ಯಾಬಿಗೆ ಕೆಟ್ಟ ಹೆಸರು ತಂದು, ಕಡೆಗೆ ಅಲ್ಲ ಎಂದಾದರೆ? ಬೆಳಿಗ್ಗೆ ಹೋಗಿ ಮೊದಲು ನೋಡಿಬಿಡೋಣ ಎಂದು ಫೋನನ್ನು ಚೀಲಕ್ಕೆ ಹಾಕಿದಳು. ಸೋಮವಾರ ನೋಡದೆ ಖಚಿತ ಎಂದವಳು, ಬುಧವಾರ ಕಂಡದ್ದನ್ನು ಖಚಿತವಲ್ಲ ಎಂದು ಒಳಗೇ ಇಟ್ಟುಕೊಂಡಳು.

ಗುರುವಾರ ಬೆಳಿಗ್ಗೆ ಲ್ಯಾಬಿನಲ್ಲಿ ಚೂರುಗಳನ್ನು ಬಿಡಿಬಿಡಿಯಾಗಿ ತೆಗೆದು ನೋಡಿದಳು. ಉದ್ದುದ್ದ ತುಂಡುಗಳಲ್ಲಿ ಓದಿದ ಹೊಸ ಒಂಟೆಯೊಂದರ ಕಡತ ಇತ್ತು, ಅದರ ಪಕ್ಕ ಇಟ್ಟು ಹೋಲಿಸಿದಳು. ಎರಡು ಜೀನುಗಳು ಅಕ್ಕಪಕ್ಕ, ನಡುವೆ ಸ್ವಲ್ಪ ಅಂತರ ಬಿಟ್ಟು, ಸ್ಪಷ್ಟವಾಗಿ ನಿಂತಿದ್ದವು. ನಿರಂಜನ ಬಂದು ಅವಳ ಹಿಂದೆ ನಿಂತು ಬಹಳ ಹೊತ್ತು ಪರದೆ ನೋಡಿದ.

"ಅಯ್ಯೋ ದೇವ್ರೆ. ನಾನೂ ನೋಡ್ಬೇಕಿತ್ತು ಜೆಸ್ಸಿ. ಎಲ್ಲಾ ಕ್ಯಾರಿಯರ್ ಅಂದಾಗ್ಲೇ ನೋಡ್ಬೇಕಿತ್ತು. ಫಾರ್ಮಿಗೆ ಫೋನ್ ಮಾಡಿ, ಈಗ್ಲೇ."

ಕಾಕ ಮೊದಲ ರಿಂಗಿಗೇ ಎತ್ತಿದರು. ಅವರ ಹಿಂದೆ ಒಂಟೆಯೊಂದು ಕೂಗುತ್ತಿತ್ತು. ಗಂಟಲ ಆಳದಿಂದ, ನಿಲ್ಲಿಸದೆ.

"ಕಾಕ, ಕುಂಞಿಯನ್ನು ಕಳಿಸ್ಬೇಡಿ! ತಪ್ಪಾಗಿದೆ, ಟೆಸ್ಟೇ ತಪ್ಪು—"

"ಬಾಯಮ್ಮ, ಬೆಳಿಗ್ಗೆ ಬೇಗ ಹೋಯ್ತು. ಖಲಾಸ್."

ಜೆಸ್ಸಿಗೆ ಆಮೇಲೆ ಕೇಳಿಸಿದ್ದು ಒಂಟೆಯ ಕೂಗು ಮಾತ್ರ.

ಭಾನುವಾರ ಕ್ಲಾರೆನ್ಸನಿಗೆ ಆಫ್ ಇತ್ತು. ಮೂವರೂ ಕಾರಿನಲ್ಲಿ ಫಾರ್ಮಿಗೆ ಹೋದರು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. "ನೀನು ಹೋಗಿ ಬಾ, ನಾನು ಎಸಿ ಹಾಕಿ ಕೂತಿರ್ತೇನೆ" ಎಂದ ಕ್ಲಾರೆನ್ಸ್. ಅವನೂ ಅಂದು ತಮಾಷೆ ಮಾಡಲಿಲ್ಲ. ಜೆಸ್ಸಿ ಮರಳಿನಲ್ಲಿ ಚಪ್ಪಲಿ ಹೂತುಹೋಗುತ್ತಾ ಕೊಟ್ಟಿಗೆಯ ಬೇಲಿಯ ತನಕ ನಡೆದಳು.

ಸಮ್ರಾಳ ಪಕ್ಕದಲ್ಲಿ ಕುಂಞಿ ನಿಂತಿತ್ತು.

ಒಂದು ಕ್ಷಣ ಅವಳ ಪ್ರಾಣ ಮೇಲಕ್ಕೆ ಚಿಮ್ಮಿತು. ಆಮೇಲೆ ಕಾಲುಗಳು ಕಂಡವು. ಅವು ಮರದ ಗೂಟಗಳು. ಹೊಟ್ಟೆಯ ಹೊಲಿಗೆಯಿಂದ ಒಣಹುಲ್ಲು ಇಣುಕುತ್ತಿತ್ತು. ಕಾಕ ಮಾರುಕಟ್ಟೆಗೆ ಹೋಗಿ ಕುಂಞಿಯ ಚರ್ಮವನ್ನು ಕೇಳಿ ತಂದು, ಉಪ್ಪು ಸವರಿ, ಹುಲ್ಲು ತುಂಬಿ ಹೊಲಿದಿದ್ದರು.

"ಮಾಡದೆ ಆಗುದಿಲ್ಲ ಬಾಯಮ್ಮ" ಎಂದರು ಕಾಕ, ಅವಳು ಕೇಳದಿದ್ದರೂ. "ಹಾಲು ಕಟ್ಟಿ ಕೆಚ್ಚಲು ಕಲ್ಲಾಗಿತ್ತು. ಮುಟ್ಲಿಕ್ಕೆ ಬಿಡ್ಲಿಲ್ಲ. ಹಾಗೇ ಬಿಟ್ರೆ ಕೀವು ಆಗಿ ಅದೂ ಹೋಗ್ತದೆ. ಮೊದಲ ದಿನ ಇದನ್ನು ಮೂಸಿ ನೋಡಿ ಮುಖ ತಿರುಗಿಸಿತು. ಮರುದಿನ ಮತ್ತೆ ಮೂಸಿತು, ನೆಕ್ಕಿತು, ಆಮೇಲೆ ಹಾಲು ಬಿಟ್ಟಿತು. ಅದಕ್ಕೆ ಗೊತ್ತುಂಟು ಇದು ಅಲ್ಲ ಅಂತ. ಗೊತ್ತಿದ್ದೂ ಬಿಡ್ತದೆ."

ಸಮ್ರಾ ಕುತ್ತಿಗೆ ಬಗ್ಗಿಸಿ ಆ ಹುಲ್ಲುಮರಿಯ ಬೆನ್ನಿಗೆ ಮೂಗು ಒತ್ತಿ ನಿಂತಿತ್ತು. ಉದ್ದ ರೆಪ್ಪೆಗಳ ಕೆಳಗೆ ನೀರು ಇಳಿದು ಮರಳು ಅಂಟಿತ್ತು. ಒಂಟೆಯ ಕಣ್ಣಲ್ಲಿ ನೀರು ಸುಮ್ಮನೆಯೂ ಇಳಿಯುತ್ತದೆ, ಧೂಳಿಗೆ. ಜೆಸ್ಸಿ ಅದನ್ನು ಎಲ್ಲೋ ಓದಿದ್ದಳು. ಓದಿದ್ದು ಆ ಹೊತ್ತಿಗೆ ಯಾವ ಕೆಲಸಕ್ಕೂ ಬರಲಿಲ್ಲ.

"ಹಾಗಾದ್ರೆ ಕುಂಞಿಗೆ ಏನೂ ಇರ್ಲಿಲ್ಲ?" ಕಾಕ ಬೇಲಿಯ ಕಡೆ ನೋಡುತ್ತಾ ಕೇಳಿದರು.

"ಏನೂ ಇರ್ಲಿಲ್ಲ ಕಾಕ."

"ಕಣ್ಣು ಸರಿಯೇ ಇತ್ತಾ?"

"ಸರಿಯೇ ಇತ್ತು. ಎಲ್ಲ ಸರಿ ಇತ್ತು."

"ರಿಪೋರ್ಟ್ ಬಂದ ಮೇಲೆ ನಾನೂ ಅದರ ಕಣ್ಣಿನ ಎದುರು ಕೈ ಆಡಿಸಿ ನೋಡಿದ್ದೆ. ನನಗೂ ಹಾಗೇ ಕಂಡಿತು ನೋಡಿ, ಸ್ವಲ್ಪ ತಡವಾಗಿ ಕಣ್ಣು ಮುಚ್ಚಿತು ಅಂತ." ಅವರು ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮತ್ತೆ ಸುತ್ತಿಕೊಂಡರು. "ಕಾಗದದಲ್ಲಿ ಬರೆದದ್ದು ಕಣ್ಣಿಗೂ ಕಂಡಿತು."

"ಅದಕ್ಕೆ ಸರಿ ಅಂತ ಗುರುತು ಹಾಕಿದ್ದು ನಾನು, ಕಾಕ. ಯಂತ್ರ ಕೇಳಿತು, ನಾನು ಹೂಂ ಅಂದೆ. ಮಗುವಿಗೆ ಹುಷಾರಿರ್ಲಿಲ್ಲ, ಸರಿಯಾಗಿ ನೋಡ್ಲಿಲ್ಲ."

ಕಾಕ ಅವಳ ಕಡೆ ತಿರುಗಿದರು. ಅವರ ಮುಖದಲ್ಲಿ ಕೋಪವಿದ್ದಿದ್ದರೆ ಅವಳಿಗೆ ನಿಲ್ಲಲು ಒಂದು ಜಾಗವಾದರೂ ಸಿಗುತ್ತಿತ್ತು.

"ನೀವಾ?" ಎಂದರು. "ನಾನು ಕಂಪ್ಯೂಟರ್ ಅಂದ್ಕೊಂಡಿದ್ದೆ."

ಅಷ್ಟು ಹೇಳಿ ಒಳಗೆ ಹೋಗಿ ಬಾಟಲಿ ತಂದು ಅವಳ ಕೈಗಿಟ್ಟರು. ಅದು ಇನ್ನೂ ಬೆಚ್ಚಗಿತ್ತು.

"ಬೇಡ ಕಾಕ. ಇನ್ನು ಬೇಡ. ನಾನು ಅಂಗಡಿಯಿಂದ ತರ್ತೇನೆ."

"ತಕೊಳ್ಳಿ ಬಾಯಮ್ಮ. ಕರೆದಾಗಿದೆ. ನಿಮ್ಮ ಮಗಳು ಎಂತ ತಪ್ಪು ಮಾಡಿದ್ದಾಳೆ?"

ಲ್ಯಾಬು ಆ ಪರೀಕ್ಷೆಯನ್ನು ನಿಲ್ಲಿಸಿತು, ಗಿರಾಕಿಗೆ ಕ್ಷಮೆ ಕೇಳಿತು. ಜೆಸ್ಸಿ ಹಸಿರು ಗುರುತನ್ನು ತೆಗೆದು, ಒಂದು ಇದ್ದಲ್ಲಿ ಎರಡು ಎಂದು ತಿದ್ದಿದಳು. ಆದರೆ ಅಷ್ಟರಲ್ಲಿ ಬೇರೆ ಬೇರೆ ಊರುಗಳ ಲ್ಯಾಬುಗಳ ಕಂಪ್ಯೂಟರುಗಳು, ಎಲ್ಲರಿಗೂ ತೆರೆದಿದ್ದ ಕಡತದಲ್ಲಿ ಅವಳ ಗುರುತನ್ನು ನೋಡಿ, ಪರಿಶೀಲಿಸಿದ್ದು ಎಂದು ನಂಬಿ, ತಮ್ಮ ತಮ್ಮ ಪ್ರಾಣಿಗಳಿಗೂ ಅದನ್ನೇ ನಕಲು ಮಾಡಿಕೊಂಡಿದ್ದವು. ಒಬ್ಬೊಬ್ಬರಿಗೂ ಪತ್ರ ಬರೆದಳು. ಕೆಲವರು ತಿದ್ದಿದರು. ಕೆಲವರು ಉತ್ತರವನ್ನೇ ಬರೆಯಲಿಲ್ಲ. ಒಂದು ದಿನ ಹೊಸದೊಂದು ಪ್ರಾಣಿಯ ಡ್ರಾಫ್ಟ್ ಅವಳ ಮುಂದೆ ಬಂತು. ಅದರಲ್ಲೂ ಅದೇ ಜೀನು, ಅದೇ ತಪ್ಪು ಹೆಸರು. ಸಾಕ್ಷಿ ಏನೆಂದು ನೋಡಿದರೆ, ಒಂಟೆಯಲ್ಲಿ ಮನುಷ್ಯರೊಬ್ಬರು ನೋಡಿ ಒಪ್ಪಿದ್ದು ಎಂದು ಬರೆದಿತ್ತು. ಆ ಮನುಷ್ಯರು ಅವಳೇ. ತಿದ್ದುವ ಮೊದಲು ಅವಳು ಆ ಸಾಲನ್ನು ಬಹಳ ಹೊತ್ತು ನೋಡುತ್ತಾ ಕೂತಳು.

ಅದೆಲ್ಲ ಆಮೇಲಿನ ಮಾತು. ಆ ಭಾನುವಾರ ಸಂಜೆ, ಫಾರ್ಮಿನಿಂದ ಬಂದು, ಹಾಲನ್ನು ಕುದಿಸಿ, ಮತ್ತೊಮ್ಮೆ ಕುದಿಸಿ, ಆರಿಸಿ, ಅವಳು ಲೋಟ ಹಿಡಿದು ಮಗಳ ಎದುರು ಕೂತಳು. ಆನ್ ಮರಿಯಾ ತುಟಿ ಬಿಗಿಹಿಡಿದಳು.

"ನೋ. ಕುಂಞಿ ಫಸ್ಟ್."

"ಕುಂಞಿ ಇವತ್ತು ಮಲಗಿದೆ ಬಾಬಾ. ನೀನು ಕುಡಿ."

"ವೇಕ್ ಹರ್ ಅಪ್, ಮಮ್ಮಾ."

ಮಗು ಮುಖ ತಿರುಗಿಸಿ ಕೂತಿತು. ಲೋಟದ ಹಾಲಿನ ಮೇಲೆ ತೆಳ್ಳನೆ ಕೆನೆ ಕಟ್ಟತೊಡಗಿತು. ಜೆಸ್ಸಿ ಸೆರಗಿಲ್ಲದ ತನ್ನ ಕುರ್ತಾದ ಅಂಚಿಗೆ ಕೈ ಒರೆಸಿಕೊಂಡಳು, ಫೋನು ತೆಗೆದಳು, ಹಳೆಯ ವಿಡಿಯೋ ಹುಡುಕಿ ಮಗಳ ಮುಖದ ಎದುರು ಹಿಡಿದಳು.

ಕಡ್ಡಿಕಾಲಿನ ಮರಿ ಓಡಿ ಬಂದು ತಾಯಿಯ ಹೊಟ್ಟೆಯಡಿ ತಲೆ ತೂರಿಸಿತು. ಒಮ್ಮೆ ಗುದ್ದಿತು. ಮತ್ತೊಮ್ಮೆ ಗುದ್ದಿತು.

ಮಗು ಅದನ್ನು ನೋಡಿತು, ನಕ್ಕಿತು, ಬಾಯಿ ತೆರೆಯಿತು.